ಆವಿ ಅಳೆಯುವ ಭಾವ

ಪ್ರಯೋಗಾಲಯದ ತಂತಿಗೆ ಕಾಲು ಸಿಕ್ಕಿಸಿಕೊಂಡು ಭಾಮೈದ ಮುಗ್ಗರಿಸಿದಾಗ ಲೇಸರ್ ಆರಿಹೋಯಿತು. "ಅರ್ಧ ಆಕಾಶ ಹಾಳು ಮಾಡಿದೆಯಲ್ಲೋ ಮಹಾರಾಯ" ಎಂದರು ಭಾವ. ಮೇಲಕ್ಕೆ ಬಿಟ್ಟ ಬೆಳಕು ಮರಳಿ ತಂದ ಮಿಣುಕಿನಿಂದ ಗಾಳಿಯ ನೀರಾವಿ ಅಳೆಯುವ ಈ ಭಾವ ಕೂತಲ್ಲಿ ಕೂರುವ ಆಸಾಮಿಯಲ್ಲ. ಊಟದ ನಡುವೆ ನಾಲ್ಕು ಸಲ ಎದ್ದು ಕಿಟಕಿಗೆ ಓಡುತ್ತಾರೆ. ಅಳತೆಗೆ ಅಡ್ಡ ಬರುವ ಮೋಡ ಕಂಡರೆ, ಭಾಮೈದನನ್ನು ಕಂಡಾಗಿನಂತೆ ಮುಖ ಸಿಂಡರಿಸುತ್ತಾರೆ. ಅಡುಗೆಮನೆಗೂ ನುಗ್ಗಿ, "ಮುಚ್ಚಳ ತೆಗೀಬೇಡ ಇರು, ಆವಿ ನೋಡ್ತೀನಿ" ಎಂದು ಅಕ್ಕನ ಕೈ ಹಿಡಿಯುತ್ತಾರೆ. ಅಂಥವರು, ಅಕ್ಕ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ ಮೇಲೆ, ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲೇ ಇಲ್ಲ. ಅವಳ ಉಸಿರಿಗೆ ಆಮ್ಲಜನಕದ ಮಾಸ್ಕು ಮಸುಕಾಗುವುದನ್ನು, ಮತ್ತೆ ತಿಳಿಯಾಗುವುದನ್ನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. "ಅಕ್ಕ ಹೇಗಿದ್ದಾಳೆ ಭಾವ?" ಎಂದು ಭಾಮೈದ ಬಾಗಿಲಲ್ಲೇ ಚಡಪಡಿಸುತ್ತಾ ಕೇಳಿದ. ಭಾವ ತಿರುಗಿ ನೋಡಲಿಲ್ಲ. "ಆವಿ ಬರ್ತಾ ಇದೆ. ಕೂತ್ಕೋ."