ನೂರ ಹನ್ನೆರಡನೇ ಪುಟದಲ್ಲಿ ಸತ್ತವರು

ನನ್ನ ಮೊದಲ ಪುಸ್ತಕ ಹೊರಬಂದದ್ದು ತೊಂಬತ್ತರ ದಶಕದ ಕೊನೆಗೆ. ಬಂದ ಮೇಲೆ ಗೊತ್ತಾಯಿತು, ನಮ್ಮ ಮೈಸೂರಿನಲ್ಲಿ ಸುಮ್ಮನೆ ಓದುವವರಿಗಿಂತ ತಪ್ಪು ಹುಡುಕುವುದಕ್ಕೇ ಓದುವವರು ಜಾಸ್ತಿ ಎಂದು. ನಾನು ಬರೆದ ಅಳತೆಯಲ್ಲಿ ಹುಣಿಸೆಹಣ್ಣು ಹಾಕಿದರೆ ಗೊಜ್ಜು ಬಾಯಿಗಿಡಲು ಆಗುವುದಿಲ್ಲ, ಮಾಡಿ ನೋಡಿ ಚೆಲ್ಲಿದೆವು ಎಂದು ಒಬ್ಬರು ಮೂರು ಪುಟ ಪತ್ರ ಬರೆದರು. ಅಯ್ಯೋ ರಾಮ, ಅದು ಅಡುಗೆ ಪುಸ್ತಕವೇ ಅಲ್ಲ, ನನ್ನ ಬಾಲ್ಯದ ನೆನಪುಗಳು! ಇನ್ನೊಬ್ಬರು ಕುವೆಂಪುನಗರದ ನಮ್ಮ ಮನೆಗೇ ಸ್ಕೂಟರಿನಲ್ಲಿ ಬಂದು, ನಾನು ಬಣ್ಣಿಸಿದ ಹುಣ್ಣಿಮೆಯ ದಿನ ಹುಣ್ಣಿಮೆಯೇ ಇರಲಿಲ್ಲವೆಂದು ಹಳೆಯ ಪಂಚಾಂಗ ಬಿಚ್ಚಿ ತೋರಿಸಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವರಿಗೆ ಒಂದು ಲೋಟ ನೀರೂ ಕೊಡದೆ ಕಳಿಸಿದೆ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಗೇಟು ಸದ್ದಾಗಿ, ಮಂಕಿ ಟೋಪಿ ಹಾಕಿದ ಮುದುಕರೊಬ್ಬರು ಬಟ್ಟೆ ಚೀಲದಿಂದ ನನ್ನ ಪುಸ್ತಕ ತೆಗೆಯುತ್ತಾ ಒಳಗೆ ಬಂದಾಗ, ಬಂತಪ್ಪ ಇನ್ನೊಂದು, ಎಂದುಕೊಂಡೆ. ಅವರು ನಮಸ್ಕಾರ ಕೂಡ ಹೇಳಲಿಲ್ಲ.

“ನೂರ ಹನ್ನೆರಡನೇ ಪುಟ ತೆಗಿ. ಮೂರನೇ ಸಾಲು ಓದು. ಗಟ್ಟಿಯಾಗಿ.”

ಯಾರಪ್ಪ ಇವರು, ನನ್ನ ಮನೆಗೆ ಬಂದು ನನಗೇ ಏಕವಚನ? ಬಾಯಿ ಮಾಡಬೇಕೆಂದುಕೊಂಡೆ. ಆದರೆ ಆ ದನಿಗೆ ನನ್ನ ಕಾಲುಗಳು ತಾವಾಗಿ ಎದ್ದು ನಿಂತವು. ಓದಿದೆ: ‘ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ಇದು ಅವರಿಗೆ ನನ್ನ ಶ್ರದ್ದಾಂಜಲಿ.’ ತಲೆ ಎತ್ತಿದೆ. ಅವರು ಟೋಪಿ ತೆಗೆದರು. ನಮ್ಮ ಕನ್ನಡ ಮೇಷ್ಟ್ರು.

ನನ್ನ ಬಾಯಿಂದ ಹೊರಟದ್ದು ಒಂದೇ ಮಾತು. “ಕಾಫಿ ತಗೋತೀರಾ ಸಾರ್?”

“ಸಕ್ಕರೆ ಬೇಡ,” ಎಂದರು ದಿವಂಗತರು.

ಕಾಫಿ ಕೈಗೆ ಕೊಟ್ಟ ಮೇಲೆ ಪುಸ್ತಕವನ್ನು ನನ್ನ ಮುಂದೆ ಹರಡಿದರು. ಪುಟಪುಟಕ್ಕೂ ಕೆಂಪು ಶಾಯಿ. “ನಾನು ಸತ್ತಿದ್ದು ಆಮೇಲೆ ನೋಡೋಣ. ಮೊದ್ಲು ಇದನ್ನ ಹೇಳು. ಶ್ರದ್ಧಾಂಜಲಿಗೆ ಮಹಾಪ್ರಾಣ ಎಲ್ಲಮ್ಮ? ಅದರ ಪ್ರಾಣಾನೂ ತೆಗ್ದೆ, ನನ್ನ ಪ್ರಾಣಾನೂ ತೆಗ್ದೆ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಡವರಿಸುತ್ತಾ ನಡೆದದ್ದು ಹೇಳಿದೆ. ಯಾವುದೋ ಮದುವೆಯಲ್ಲಿ, ಛತ್ರದ ಊಟದ ಪಂಕ್ತಿಯಲ್ಲಿ ಹಳೆಯ ಸಹಪಾಠಿಯೊಬ್ಬಳು “ನಮ್ ಕನ್ನಡ ಮೇಷ್ಟ್ರು ಹೋಗ್ಬುಟ್ರು ಕಣೇ” ಎಂದಿದ್ದಳು. ಅಷ್ಟರಲ್ಲಿ ಓಲಗ ಜೋರಾಯಿತು. ನಾನು ಹೋಳಿಗೆ ಮುಂದಿಟ್ಟುಕೊಂಡು ಕಣ್ಣೊರೆಸಿಕೊಂಡೆ, ಮನೆಗೆ ಬಂದು ಅವರ ಹೆಸರು, ಶಾಲೆ ಎಲ್ಲ ಹಾಕಿ ಪ್ರಬಂಧ ಬರೆದೆ.

“ಕಡಕೊಳಕ್ಕೆ ಹೋಗಿದ್ದೆ ಕಣಮ್ಮ!” ಮೇಷ್ಟ್ರು ಲೋಟ ಕುಕ್ಕಿದರು. “ಮಗ ಫ್ಯಾಕ್ಟರಿ ಹತ್ರ ಮನೆ ಮಾಡಿದ್ದ. ಎರಡು ವರ್ಷ ಇದ್ದು, ಸಾಕಾಗಿ, ಹೋದ ತಿಂಗಳು ವಿದ್ಯಾರಣ್ಯಪುರಂಗೆ ವಾಪಸ್ ಬಂದೆ. ‘ಹೋದರು’ ಅಂದ್ರೆ ಎಲ್ಲಿಗೆ ಅಂತ ಕೇಳ್ಬೇಕು ಅಂತ ಎಂಟನೇ ಕ್ಲಾಸಲ್ಲೇ ಹೇಳ್ಕೊಟ್ಟಿದ್ನಲ್ಲ? ಚತುರ್ಥೀ ವಿಭಕ್ತಿ! ಒಂದು ‘ಕ್ಕೆ’ ಕೇಳಿದ್ದಿದ್ರೆ ನಾನು ಬದುಕ್ತಿದ್ದೆ.”

ನನಗೆ ತಡೆಯಲಾರದೆ ನಗು ಬಂತು. ಅವರು ನಗಲಿಲ್ಲ. ಆಮೇಲೆ ನಿಧಾನವಾಗಿ, ಈ ಪುಸ್ತಕ ತಮಗೆ ಹೇಗೆ ಗೊತ್ತಾಯಿತು ಎಂಬುದನ್ನು ಹೇಳಿದರು.

ಬೀದಿಯಲ್ಲಿ ಹೂವು ಮಾರುವವಳ ಹತ್ತಿರ ಮೊಳ ಹೂವು ಕೇಳಿದ್ದರಂತೆ. ಹೊಸಬರೆಂದು ಆಕೆ ಕಷ್ಟಸುಖ ಮಾತಾಡುತ್ತಾ, “ನಾಕು ಬೀದಿ ಆಚೆ ಮಂಡಿನೋವಿನ ಅಜ್ಜಿ ಅವ್ರಲ್ಲ, ಅವ್ರು ಹೂವಾ ಬ್ಯಾಡ ಅಂದ್ಬುಟ್ರು ಸಾಮಿ. ತಮ್ಮ ತೀರ್ಕೊಂಡ್ರಂತೆ. ಯಾರೋ ಮೇಷ್ಟ್ರಂತೆ, ಪುಸ್ತಕದಾಗೆ ಬಂದದಂತೆ. ತಲೆ ಮೇಲೆ ನೀರು ಸುರ್ಕಂಡು, ಒಬ್ರೇ ಕುಂತು ಅಳ್ತಾ ಇದ್ರು, ಪಾಪ,” ಎಂದಳಂತೆ. ಮೇಷ್ಟ್ರು ಹೂವು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರಂತೆ, ಆಮೇಲೆ ಅಂಗಡಿ ಅಂಗಡಿ ಕೇಳಿ ಈ ಪುಸ್ತಕ ಹುಡುಕಿ ಕೊಂಡರಂತೆ. ಆ ಅಜ್ಜಿ ಅವರ ಒಡಹುಟ್ಟಿದ ಅಕ್ಕ.

ಅಕ್ಕ ತಮ್ಮ ಮಾತು ಬಿಟ್ಟು ಒಂಬತ್ತು ವರ್ಷ. ಆಸ್ತಿಯಲ್ಲ, ಪಾಸ್ತಿಯಲ್ಲ. ಅಕ್ಕನ ಮಗಳ ಮದುವೆಯ ಕರೆಯೋಲೆಯಲ್ಲಿ ‘ನಿಮ್ಮ ಆರ್ಶೀವಾದವೇ ಉಡುಗೊರೆ’ ಎಂದು ಅಚ್ಚಾಗಿತ್ತು. ಅರ್ಕಾವತ್ತು ಇರಬೇಕಾದ್ದು ‘ಶೀ’ ಆದ ಮೇಲೆ. ನಮ್ಮ ಮೇಷ್ಟ್ರು ಸುಮ್ಮನಿರುತ್ತಾರೆಯೇ? ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಸರಿ ರೂಪ ಬರೆದು, ಅದೇ ಲಕೋಟೆಯಲ್ಲಿ ವಾಪಸ್ಸು ಅಂಚೆಗೆ ಹಾಕಿದರು. ‘ಮಗಳ ಆಶೀರ್ವಾದಕ್ಕೇ ತಪ್ಪು ಹಾಕಿ ಕಳಿಸಿದವನು ನನ್ನ ಹೊಸ್ತಿಲು ತುಳಿಯಬಾರದು’ ಎಂದರು ಅಕ್ಕ. ಅಂದಿನಿಂದ ಆ ಮನೆಯಲ್ಲಿ ಇವರ ಹೆಸರೇ ಎತ್ತುವಂತಿಲ್ಲ. ಹೆಸರೆತ್ತುವಂತಿಲ್ಲದ ಮೇಲೆ ಇವರು ಬದುಕಿದ್ದಾರೆಂದು ಹೇಳುವವರು ಯಾರು? ಅಕ್ಕನೂ ಅಷ್ಟೇ, ಹಟಕ್ಕೆ ಬಿದ್ದು ಯಾರನ್ನೂ ಕೇಳಲಿಲ್ಲ.

“ಈಗ್ಲೇ ಹೋಗೋಣ ನಡೀರಿ ಸಾರ್,” ಎಂದೆ.

“ಹೆಂಗೆ ಹೋಗ್ಲಿ? ಬಾಗಿಲು ತೆಗ್ದೋಳು ನನ್ನ ನೋಡಿ ಎದೆ ಒಡ್ಕೊಂಡ್ರೆ? ಅವಳಿಗೆ ಎಪ್ಪತ್ತೈದು.” ಟೋಪಿಯನ್ನು ಮಡಿಚಿ ಮಂಡಿಯ ಮೇಲಿಟ್ಟುಕೊಂಡರು. “ನಮ್ಮಪ್ಪ ಅವಳ ಓದು ನಾಲ್ಕಕ್ಕೇ ಬಿಡಿಸಿದ್ರು. ಅದಕ್ಕೇ ಅಚ್ಚಲ್ಲಿ ಬಂದಿದ್ದೆಲ್ಲ ಅವಳಿಗೆ ಸತ್ಯ. ಅಚ್ಚಲ್ಲಿ ಸತ್ತಿದ್ದೀನಿ, ಅಚ್ಚಲ್ಲೇ ಬದುಕ್ಬೇಕು. ತಪ್ಪು-ಒಪ್ಪು ಹಾಕ್ಸು.”

ತಪ್ಪು-ಒಪ್ಪು ಎಂದರೆ ಪುಸ್ತಕದ ಕೊನೆಗೆ ಅಂಟಿಸುವ ಚೀಟಿ. ಎಡಗಡೆ ತಪ್ಪು, ಬಲಗಡೆ ಅದರ ಸರಿ ರೂಪ. ಪ್ರಕಾಶಕರಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದೇನು ಗೊತ್ತೇ? “ವಯಸ್ಸಾಗಿದೆ ಅಂತೀರಿ. ಬುಡಿ ಮೇಡಂ, ಇವತ್ತಲ್ಲ ನಾಳೆ ಅದೇ ಸರಿಹೋಗುತ್ತೆ.” ನನಗೆ ಮೈಯೆಲ್ಲ ಉರಿದು ಫೋನು ಕುಕ್ಕಿದೆ. ನಾನೇ ಪ್ರೆಸ್ಸಿನಲ್ಲಿ ಹಾಕಿಸುತ್ತೇನೆಂದು ಹೊರಟೆ.

ಎಡಗಡೆ ‘ತೀರಿಕೊಂಡು ಎರಡು ವರ್ಷವಾಯಿತು’. ಸರಿ, ಬಲಗಡೆ ಏನು ಬರೆಯುವುದು? ‘ತೀರಿಕೊಂಡಿಲ್ಲ’ ಎಂದೆ. “ಅದರಲ್ಲಿ ‘ಇನ್ನೂ’ ಅನ್ನೋದು ಅಡಗಿದೆ, ಬೇಡ,” ಎಂದರು ಮೇಷ್ಟ್ರು. ‘ಬದುಕಿದ್ದಾರೆ’ ಎಂದೆ. “ಆಸ್ಪತ್ರೆಯೋರು ಹೇಳ್ದಂಗಿದೆ.” ‘ಚೆನ್ನಾಗಿದ್ದಾರೆ’ ಎಂದೆ. ಅದಕ್ಕವರು ಕೆಂಪು ಪೆನ್ನಿನ ಮುಚ್ಚಳ ಹಾಕಿ, “ಅದು ನಿಜ ಅಲ್ಲ,” ಎಂದರು. ತಮ್ಮ ಸಾವಿನ ವ್ಯಾಕರಣ ನೋಡುತ್ತಾ ಮೂರು ದಿನ ನಮ್ಮ ಮನೆಗೆ ಅಲೆದರು. ನನ್ನ ಗಂಡ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಾ, “ಇವತ್ತಾದ್ರೂ ಎದ್ರಾ ಮೇಷ್ಟ್ರು?” ಎಂದು ಕೇಳುವರು. ಕೊನೆಗೆ ‘ಇದ್ದಾರೆ’ ಎಂದು ತೀರ್ಮಾನವಾಯಿತು. ಒಂದೇ ಪದ.

ಪ್ರೆಸ್ಸಿನವನು ತಲೆಬರಹಗಳನ್ನೇ ಅದಲು ಬದಲು ಮಾಡಿದ. ‘ಇದ್ದಾರೆ’ ತಪ್ಪು, ‘ತೀರಿಕೊಂಡು ಎರಡು ವರ್ಷವಾಯಿತು’ ಒಪ್ಪು! ಅದನ್ನು ಕೈಯಲ್ಲಿ ಹಿಡಿದು ನಿಂತಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಷ್ಟ್ರು ಮಾತ್ರ ಕಂಗಾಲಾದರು. “ಆಗ್ಲೇ ಹನ್ನೊಂದು ದಿನ ಆಯ್ತಮ್ಮ ಅವಳು ಅಳಕ್ಕೆ ಶುರು ಮಾಡಿ. ಬೇಗ ಹಾಕ್ಸು,” ಎಂದರು. ಅಲ್ಲೇ ಕೂತು, ಜಗಳವಾಡಿ, ಮತ್ತೆ ಅಚ್ಚು ಹಾಕಿಸಿದೆ.

ಮಧ್ಯಾಹ್ನ ವಿದ್ಯಾರಣ್ಯಪುರಂಗೆ ಹೋದೆವು. ಮೇಷ್ಟ್ರು ಬೀದಿಯ ತುದಿಯಲ್ಲಿ, ಬೇವಿನ ಮರದ ಕೆಳಗೆ ನಿಂತರು. ನಾನೊಬ್ಬಳೇ ಹೋಗಿ ಬಾಗಿಲು ತಟ್ಟಿದೆ.

ಅಕ್ಕ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು. ತಲೆಗೆ ಹೂವಿಲ್ಲ. ಹಜಾರದ ಕುರ್ಚಿಯ ಮೇಲೆ ನನ್ನ ಪುಸ್ತಕ ಬೋರಲು ಬಿದ್ದಿತ್ತು. ನಾನು ಯಾರೆಂದು ಹೇಳಿ, “ಪುಸ್ತಕದಲ್ಲಿ ಒಂದು ತಪ್ಪಾಗಿದೆ ಅಮ್ಮ. ಗಾಬರಿಯಾಗ್ಬೇಡಿ. ಕೂತ್ಕೊಂಡು ಓದಿ,” ಎಂದು ಚೀಟಿ ಕೊಟ್ಟೆ. ಏನಾದರೂ ಹೆಚ್ಚುಕಮ್ಮಿಯಾದರೆ ಯಾವ ಚೀಟಿ ಅಂಟಿಸಲಿ?

ಅವರು ಕೂರಲಿಲ್ಲ. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಓದಿದರು. ಇನ್ನೊಮ್ಮೆ ಓದಿದರು. ಚೀಟಿ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದೂ ನೋಡಿದರು.

“ಅಚ್ಚು ಹಾಕ್ಸಿದ್ದೀಯಾ?”

“ಹೂಂ ಅಮ್ಮ.”

“ಎಲ್ಲವ್ನೆ?”

ನಾನು ಬೀದಿಯ ತುದಿ ತೋರಿಸಿದೆ. ಅಕ್ಕ ಕೋಲು ಕೂಡ ಹಿಡಿಯದೆ, ಬರಿಗಾಲಿನಲ್ಲಿ, ಕಾಂಪೌಂಡು ಗೋಡೆಗಳನ್ನು ಹಿಡಿಹಿಡಿದು ಆ ಬಿಸಿಲಿನಲ್ಲಿ ನಡೆದರು. ಕೈ ಕೊಡಲು ಹೋದರೆ ಕೊಡವಿದರು. ಮೇಷ್ಟ್ರು ಅಕ್ಕ ಬರುವುದನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದರು, ಮತ್ತೆ ಬೈಗುಳಕ್ಕೆ ಸಿದ್ಧರಾದವರಂತೆ ನಿಂತುಬಿಟ್ಟರು. ಅಕ್ಕ ಹತ್ತಿರ ಹೋಗಿ ಅವರ ಮುಖ ನೋಡಿದರು, ಭುಜ ಮುಟ್ಟಿದರು, ಅಂಗಿಯ ತೋಳು ಹಿಡಿದು ಎಳೆದು ನೋಡಿದರು.

“ಎಷ್ಟ್ ಬಡವಾಗ್ಬುಟ್ಟಿದ್ದೀಯೋ.”

“ಅಕ್ಕಾ, ಅವತ್ತು ಆ ಕಾಗದ...”

“ಸುಮ್ನಿರು.” ಅಕ್ಕನ ಕಣ್ಣೀರು ಸೆರಗಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನಿಂಗೋಸ್ಕರ ಅಳೋದೆಲ್ಲ ಅತ್ತು ಮುಗ್ಸ್‌ಬುಟ್ಟಿದ್ದೀನಿ ಕಣೋ. ಇನ್ನೊಂದ್ಸಲ ನನ್ ಕೈಲಾಗಲ್ಲ. ಈ ಸಲ ನಾನೇ ಮೊದ್ಲು ಹೋಗೋಳು, ತಿಳೀತಾ?”

ಮೇಷ್ಟ್ರು ಅಕ್ಕನ ಕೈ ಹಿಡಿದುಕೊಂಡು, “ಸರಿ ಅಕ್ಕ,” ಎಂದರು.