ಕಾಟು ಹಾಕಿದ ಸಾಲುಗಳು

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಭಾವನ ಮಂಚ, ಹಿಂದಿನ ಕೋಣೆಯಲ್ಲಿ ತಮ್ಮನ ಮೇಜು, ನಡುವೆ ಒಂದು ಪರದೆ. ಭಾವ ಬಸ್ ಓಡಿಸುತ್ತಿದ್ದವನು. ಪಾರ್ಶ್ವವಾಯು ಹೊಡೆದು ಎಡಗಡೆ ಪೂರ್ತಿ ಸ್ವಾಧೀನ ತಪ್ಪಿತ್ತು. ಬಲಗೈ ಮತ್ತು ನಾಲಿಗೆ ಉಳಿದಿದ್ದವು. ಎರಡನ್ನೂ ಅವನು ಸುಮ್ಮನಿರಗೊಡುತ್ತಿರಲಿಲ್ಲ.

ತಮ್ಮನಿಗೆ ಅಕ್ಷರ ಕಲಿಸಿದವಳು ಅಕ್ಕ. ತಪ್ಪು ಬರೆದರೆ ಎಂಜಲು ಹಚ್ಚಿ ಉಜ್ಜುವ ಚಟ ಅವನಿಗೆ. "ಉಜ್ಬೇಡ್ವೋ, ಹಾಳೆ ಹರಿಯುತ್ತೆ. ಕಾಟು ಹಾಕಿ ಮುಂದಕ್ಕೆ ಹೋಗು. ಕಾಟು ಹಾಕಿದ್ದನ್ನ ಯಾರೂ ಓದಲ್ಲ" ಎನ್ನುತ್ತಿದ್ದಳು. ಮನೆತನದಲ್ಲೇ ಮೊದಲನೆಯವನಾಗಿ ಡಿಗ್ರಿ ಮುಗಿಸಿದ ಅವನು ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಬ್ಲಾಗ್ ಬರೆಯುವವರಿಗೆಂದು ಒಂದು ಪ್ಲಗಿನ್ ಮಾಡಿದ. ಅದನ್ನು ಬ್ಲಾಗಿನೊಳಗೆ ಕೂರಿಸಿಕೊಂಡರೆ ಅಕ್ಷರ ದಪ್ಪ ಮಾಡಬಹುದು, ಬಣ್ಣ ಹಚ್ಚಬಹುದು, ಚಿತ್ರ ಸೇರಿಸಬಹುದು. ಅಂಥವು ಬೇಕಾದಷ್ಟಿದ್ದವು. ಇವನದರಲ್ಲಿ ಮಾತ್ರ 'ಕಾಟು' ಎಂಬ ಗುಂಡಿ ಇತ್ತು. ಬೇಡವಾದ ಸಾಲಿನ ಮೇಲೆ ಒತ್ತಿದರೆ ಗೆರೆ ಬೀಳುತ್ತಿತ್ತು. ಬರೆದವರ ಕಣ್ಣಿಗೆ ಸಾಲು ಉಳಿಯುತ್ತಿತ್ತು, ಓದುವವರಿಗೆ ಕಾಣುತ್ತಿರಲಿಲ್ಲ.

ಮೊದಲು ಅದನ್ನು ಬಳಸಿದವಳು ಅಕ್ಕ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು ಹೇಗೆ, ಬೆನ್ನು ಹುಣ್ಣಾಗದಂತೆ ಒರೆಸುವುದು ಹೇಗೆ ಎಂದೆಲ್ಲ ಬರೆಯುತ್ತಿದ್ದಳು. ಅಂಥದೇ ಮನೆಗಳಲ್ಲಿ ಸಿಕ್ಕಿಕೊಂಡ ಹೆಂಗಸರು ಓದಿ, 'ನಿಮ್ಮ ತಾಳ್ಮೆ ನಮಗೂ ಬರಲಿ' ಎಂದು ಕೆಳಗೆ ಬರೆಯುತ್ತಿದ್ದರು. ಭಾವ ಮಂಚಕ್ಕೆ ಕಟ್ಟಿದ ಫೋನಿನಲ್ಲಿ ಅದನ್ನು ಓದಿ, ನೋಡಲು ಬಂದವರಿಗೆ, "ಎಲ್ಲಾ ನನ್ ಬಗ್ಗೆನೇ. ನಾನ್ ಬೀಳದಿದ್ರೆ ಇವ್ಳನ್ನ ಯಾವ ನಾಯಿ ಮೂಸ್ತಿತ್ತು?" ಎನ್ನುತ್ತಿದ್ದ. ಅಕ್ಕ ಸಂಜೆ ಬರೆಯಲು ಕೂತಾಗ ಮನಸ್ಸಿಗೆ ಬಂದದ್ದನ್ನು ಬರೆದು ಅದಕ್ಕೆ ಕಾಟು ಹಾಕುತ್ತಿದ್ದಳು. ಅವಳು ಉಸಿರು ಬಿಡಲು ಇದ್ದ ಜಾಗ ಅದೊಂದೇ. ತಮ್ಮನಿಗೆ ಅದು ಗೊತ್ತಿತ್ತು. ಆ ಸಾಲುಗಳನ್ನು ಅವನು ಎಂದೂ ತೆಗೆದು ನೋಡಿರಲಿಲ್ಲ.

ಪ್ಲಗಿನ್ ಬಳಸುವವರಲ್ಲಿ ವ್ಯಾಕರಣದ ಮೇಷ್ಟ್ರೊಬ್ಬರಿದ್ದರು. ಒಂದು ದಿನ ಫೋನ್ ಮಾಡಿದರು. "ಏನಯ್ಯಾ, ಡಿಗ್ರಿ ಮಾಡಿದೋನು ಕಾಟು ಗೀಟು ಅಂತ ಇಟ್ಟಿದೀಯಲ್ಲ? ಸಗಣಿ ವಾಸ್ನೆ ಹೊಡೆಯುತ್ತೆ. ಅಡ್ಡಗೆರೆ ಅನ್ನೋಕೆ ನಾಲಿಗೆ ಹೊರಳಲ್ವಾ?"

"ಬದಲಾಯಿಸ್ತೀನಿ ಸಾರ್" ಎಂದ. ಕಿವಿ ಬಿಸಿಯಾಗಿತ್ತು.

ಗುಂಡಿಯ ಹೆಸರನ್ನಷ್ಟೇ ಬದಲಿಸಿದ್ದರೆ ಸಾಕಿತ್ತು. ಯಾರಿಗೂ ಕಾಣದ ಒಳಗಿನ ಕೋಡಿನಲ್ಲೂ ಹುಡುಕಿ ಹುಡುಕಿ, 'ಕಾಟು' ಇದ್ದಲ್ಲೆಲ್ಲ 'ಅಡ್ಡಗೆರೆ' ಮಾಡಿದ. ಹೊಸದೊಂದು ಬರಹ ಬರೆದು ಗೆರೆ ಎಳೆದು ನೋಡಿದ, ಸಾಲು ಮರೆಯಾಯಿತು. ಖುಷಿಯಾಗಿ ಭಾನುವಾರ ಬೆಳಿಗ್ಗೆ ಬೀಟಾ ಬಿಡುಗಡೆ ಮಾಡಿದ. ಬೀಟಾ ಎಂದರೆ ಬೆಂದಿದೆಯೋ ಇಲ್ಲವೋ ಎಂದು ನಾಲ್ಕು ಜನರ ಕೈಗೆ ಕೊಡುವ ಅಗುಳು. ಅಕ್ಕನ ಬ್ಲಾಗಿಗೆ ತಾನೇ ಹಾಕಿದ. ಹಾಕಲೇ ಎಂದು ಕೇಳಬೇಕೆಂದೂ ಅನ್ನಿಸಲಿಲ್ಲ.

ಅಕ್ಕನ ಹಳೆಯ ಸಾಲುಗಳಿಗೆ ಒಳಗೆ ಅಂಟಿದ್ದ ಗುರುತು 'ಕಾಟು' ಎಂದೇ ಇತ್ತು. ಹೊಸ ಪ್ಲಗಿನ್‌ಗೆ ಆ ಪದ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅವನ್ನೂ ಉಳಿದ ಸಾಲುಗಳಂತೆಯೇ ಬಯಲಿಗಿಟ್ಟಿತು.

ಪರದೆಯ ಆಚೆಯಿಂದ ಭಾವ ಗಟ್ಟಿಯಾಗಿ ಓದುವುದು ಕೇಳಿಸಿತು. "'ಹೆಣಕ್ಕಾದರೂ ನಾಲ್ಕು ಜನ ಹೆಗಲು ಕೊಡುತ್ತಾರೆ. ಇದನ್ನು ನಾನೊಬ್ಬಳೇ ಹೊರಬೇಕು.' ಓಹೋ! ಬಾರೇ ಇಲ್ಲಿ, ಮಹಾತಾಯಿ."

ಅಕ್ಕ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಭಾವ ಓದುತ್ತಲೇ ಹೋದ. ತಮ್ಮ ಬೀಟಾ ಹಿಂದಕ್ಕೆ ತೆಗೆದು ಹಳೆಯದನ್ನು ಕೂರಿಸುವಷ್ಟರಲ್ಲಿ ಹೊರಗಿನವರೂ ಓದಿಯಾಗಿತ್ತು. 'ಇಷ್ಟು ದಿನ ನಾಟಕ ಆಡಿದಿರಾ?' ಎಂದು ಒಬ್ಬಳು ಕೆಳಗೆ ಬರೆದಿದ್ದಳು.

ಅಂದಿನಿಂದ ಭಾವ ಹೆಂಡತಿಯನ್ನು ಆ ಸಾಲಿನಿಂದಲೇ ಕರೆಯತೊಡಗಿದ. ಬೆನ್ನು ಒರೆಸಲು ಬಂದರೆ, "ನಾಲ್ಕು ಜನ ಸಿಕ್ಕಿದ್ರೇನೇ?" ನೀರು ಬೇಕಾದರೆ, "ಏ ಹೆಗಲು, ನೀರು ತಾ."

"ಸರಿಮಾಡಿದೀನಿ ಭಾವ. ಇನ್ಮೇಲೆ ಕಾಣಲ್ಲ" ಎಂದ ತಮ್ಮ ಒಂದು ದಿನ.

"ಬರೆಯೋರಿಗೆ ಕಾಣುತ್ತಲ್ವಾ? ಆ ಕಣ್ಣು ನಂಗೂ ಕೊಡು. ಅವ್ಳ ಪಾಸ್‌ವರ್ಡ್ ಹಾಕು ಈ ಫೋನಿಗೆ. ಇಲ್ಲಾಂದ್ರೆ ಇವತ್ತೇ ನಿನ್ ಮೇಜು ಬೀದೀಲಿರುತ್ತೆ. ನನ್ ಮನೇಲಿ ಕೂತು ನನ್ ಹೆಣ ಹೊರಿಸ್ತೀಯಾ?"

ತಮ್ಮ ಅಕ್ಕನ ಮುಖ ನೋಡಿದ. ಬೇಡ ಎನ್ನಲಿ ಎಂದು ಕಾದ. ಅವಳೂ ಅವನನ್ನೇ ನೋಡುತ್ತಿದ್ದಳು. ಅವನಾದರೂ ಬೇಡ ಎನ್ನಲಿ ಎಂದು ಕಾಯುತ್ತಿದ್ದಳೇನೋ. ಅವನು ತಲೆ ತಗ್ಗಿಸಿದ.

"ಹಾಕ್ಕೊಡು" ಎಂದಳು ಅಕ್ಕ. "ನೀನು ಕೇಳಿದವರಿಗೆ ಇಲ್ಲ ಅಂದೋನೇ ಅಲ್ವಲ್ಲ. ಮೇಷ್ಟ್ರಿಗೂ ಅಷ್ಟೇ, ಇವ್ರಿಗೂ ಅಷ್ಟೇ."

ಅವನು ಹಾಕಿಕೊಟ್ಟ.

ಅಂದು ಸಂಜೆ ಅಕ್ಕ ಎಂದಿನಂತೆ ತಮ್ಮನ ಮೇಜಿನಲ್ಲಿ ಬರೆಯಲು ಕೂತಳು. ನುಂಗಲು ಕಷ್ಟಪಡುವವರಿಗೆ ತಲೆ ಎತ್ತರಿಸಿ ಚಿಕ್ಕ ಚಿಕ್ಕ ತುತ್ತು ಕೊಡಬೇಕು ಎಂದು ಬರೆದಳು. ಕೊನೆಯಲ್ಲಿ ಇನ್ನೊಂದು ಸಾಲು ಬರೆದು, ಅದರ ಮೇಲೆ ಕಾಟು ಒತ್ತಿ, ಅಡುಗೆಮನೆಗೆ ಎದ್ದುಹೋದಳು. ತಮ್ಮ ಮೊದಲ ಸಲ ಅವಳ ಕಾಟು ಹಾಕಿದ ಸಾಲನ್ನು ಓದಿದ.

'ಇವರ ಅನ್ನ ಕಲಸುವವಳು ನಾನು. ಗುಳಿಗೆ ಅರೆಯುವವಳೂ ನಾನೇ.'

ಆಚೆಯಿಂದ ಫೋನಿನ ಸದ್ದು ಬಂತು. ಭಾವ ಗಟ್ಟಿಯಾಗಿ ಓದಲಿಲ್ಲ.

ಅಕ್ಕ ತಟ್ಟೆ ಹಿಡಿದು ಹೋಗಿ, ತಲೆದಿಂಬು ಎತ್ತರಿಸಿ, ಮೊದಲ ತುತ್ತು ಬಾಯಿಯ ಬಳಿ ಹಿಡಿದಳು. ಭಾವ ಬಾಯಿ ತೆರೆಯಲಿಲ್ಲ.

"ಮೊದ್ಲು ನೀನ್ ತಿನ್ನು" ಎಂದ. ಇಷ್ಟು ಮೆತ್ತಗಿನ ದನಿಯನ್ನು ತಮ್ಮ ಅವನ ಬಾಯಲ್ಲಿ ಕೇಳಿರಲಿಲ್ಲ.

ಅಕ್ಕ ಆ ತುತ್ತನ್ನು ತಾನೇ ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದಳು.

"ಉಪ್ಪು ಕಮ್ಮಿ" ಎಂದು, ಇನ್ನೊಂದು ತುತ್ತು ಕಲಸಿದಳು. "ಹ್ಞೂಂ, ಆ ಅನ್ನಿ."