ಮುಳಬಾಗಿಲಿನ ಸರ್ವರ್ ಯಂತ್ರವೂ ಆವಲಪ್ಪನವರ ಮೇಲಿನ ಆರೋಪವೂ

ಬೈರಕೂರಿನ ಆವಲಪ್ಪನವರನ್ನು ಸುಳ್ಳುಗಾರರೆಂದು ಲಿಖಿತವಾಗಿ ಕರೆದವರಲ್ಲಿ ನಾನೂ ಒಬ್ಬ. ನೋಟಿಸಿನ ದಿನಾಂಕ 2008ರ ಜೂನ್ 23, ಸೋಮವಾರ. ಕೆಳಗಿರುವ ಸಹಿ ನನ್ನದು.

ಆಗ ನಾನು ತರಕಾರಿ ಬೆಳೆಗಾರರ ಸಹಕಾರ ಸಂಸ್ಥೆಯೊಂದರ ಕೋಲಾರದ ಕಚೇರಿಯಲ್ಲಿ ಅಧೀಕ್ಷಕ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ಕಡೆ ನಮ್ಮ ಲಿನಕ್ಸ್ ಸರ್ವರುಗಳಿದ್ದವು. ಟೊಮೆಟೊ ತಂದ ರೈತರಿಗೆ ತೂಕದ ಸರದಿ ಚೀಟಿ ಬರುತ್ತಿದ್ದುದು ಅವುಗಳಿಂದಲೇ. 1994ರಲ್ಲಿ ಕೇಬಲ್ ಎಳೆಯಲು ದಿನಗೂಲಿಯಾಗಿ ಸೇರಿದ ಆವಲಪ್ಪನವರು ಓದಿದ್ದು ಎಸ್ಸೆಸ್ಸೆಲ್ಸಿ. ಹದಿನಾಲ್ಕು ವರ್ಷಗಳಲ್ಲಿ ಅವರು ಆ ಯಂತ್ರಗಳ ನೆಟ್‌ವರ್ಕನ್ನು ಕೈಯಾರೆ ಹೊಂದಿಸುವಷ್ಟು ಕಲಿತಿದ್ದರು. ಏನಾದರೂ ಬದಲಿಸಬೇಕಾದರೆ ಬಸ್ಸು ಹತ್ತಿ ಆ ಊರಿಗೇ ಹೋಗುವರು. ಬದಲಿಸಿದ್ದನ್ನು ತಾರೀಖು, ಟೈಮಿನ ಸಮೇತ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬರೆದು ಸರ್ವರಿನ ಪಕ್ಕದ ಮೊಳೆಗೆ ಸಿಕ್ಕಿಸುವರು. ಜುಲೈ ಒಂದರಂದು ಅವರ ಕೆಲಸ ಕಾಯಂ ಆಗಬೇಕಿತ್ತು.

ಮೇ ತಿಂಗಳಲ್ಲಿ ಎಂಜಿನಿಯರ್ ವಂಶಿಕೃಷ್ಣ ಹೊಸ ವ್ಯವಸ್ಥೆ ತಂದರು. ನಾಲ್ಕೂ ಸರ್ವರುಗಳ ನೆಟ್‌ವರ್ಕ್ ವಿವರ ಕೋಲಾರದ ಒಂದೇ ಫೈಲಿನಲ್ಲಿ. ಪ್ರತಿ ಸರ್ವರೂ ಅರ್ಧ ಗಂಟೆಗೊಮ್ಮೆ ಅದನ್ನು ತರಿಸಿಕೊಂಡು, ತನ್ನಲ್ಲಿ ವ್ಯತ್ಯಾಸ ಕಂಡರೆ ತಾನೇ ತಿದ್ದಿಕೊಳ್ಳುತ್ತದೆ. ಒಳ್ಳೆಯ ವ್ಯವಸ್ಥೆ; ಅದರ ಮೇಲೆ ನನ್ನ ತಕರಾರಿಲ್ಲ.

ಜೂನ್ 17ರ ಮಂಗಳವಾರ ಮುಳಬಾಗಿಲಿನಲ್ಲಿ ರೂಟರ್ ಬದಲಾಯಿತು. ಸರ್ವರಿಗೆ ಹೊರದಾರಿ ತೋರಿಸುವ ಗೇಟ್‌ವೇ ವಿಳಾಸ ಅಲ್ಲಿಯವರೆಗೆ 1ರಲ್ಲಿ ಮುಗಿಯುತ್ತಿತ್ತು, ಹೊಸದು 254ರಲ್ಲಿ. ಆವಲಪ್ಪನವರು ಹೋಗಿ ಸರಿಪಡಿಸಿ ಬಂದರು. ಅವರು ಕೋಲಾರ ಮುಟ್ಟುವಷ್ಟರಲ್ಲಿ ಸಂಪರ್ಕ ಕಡಿದಿತ್ತು. ಬುಧವಾರ ಹೋದರು, ಗುರುವಾರ ಹೋದರು, ಅದೇ ಕತೆ. ಸಂಪರ್ಕವಿಲ್ಲದೆ ಚೀಟಿ ಬಾರದು; ಶನಿವಾರ ಲಾರಿಗಳು ರಸ್ತೆಯವರೆಗೂ ನಿಂತವು. ಕೆಲಸ ಮಾಡದೆಯೇ ಮಾಡಿದೆನೆಂದು ಸುಳ್ಳು ವರದಿ ಕೊಟ್ಟಿದ್ದಾರೆ, ಏಕೆ ತೆಗೆದುಹಾಕಬಾರದು ಎಂದು ನೋಟಿಸು ಹೊರಟಿತು.

27ರ ಶುಕ್ರವಾರ ವಿಚಾರಣೆ. ಅಧ್ಯಕ್ಷ ದೊಡ್ಡನಾರಾಯಣಪ್ಪನವರು ಕೇಳಿದರು: "ಏಮಪ್ಪಾ ಆವಲಪ್ಪ, ಮೂರು ಸಲ ನೀನು ಸರಿಮಾಡ್ತೀಯ, ಮೂರು ಸಲಾನೂ ತಾನಾಗಿ ಕೆಡ್ತದೆ. ದೆವ್ವ ಹೊಕ್ಕಿದೆಯಾ?"

"ದೆವ್ವಾನೋ ಏನೋ ಸಾರ್. ನನ್ ಜೊತೆ ಬಂದು ಒಂದ್ ಗಂಟೆ ಕೂತ್ಕೊಳ್ಳಿ. ಆಮೇಲೆ ತೆಗೀರಿ ಕೆಲಸದಿಂದ."

ಅಧ್ಯಕ್ಷರು, ವಂಶಿಕೃಷ್ಣ, ಆವಲಪ್ಪನವರು, ನಾನು ಜೀಪಿನಲ್ಲಿ ಹೊರಟೆವು. ಮುಳಬಾಗಿಲು ಶಾಖೆಯ ಗುಮಾಸ್ತೆ ನಾಗಮಣಿ ನಮ್ಮನ್ನು ಕಂಡು, "ಇಷ್ಟು ಜನ ಆಫೀಸರ್ಸು ಈ ರೂಮಿಗೆ ಬಂದಿದ್ದು ಇದೇ ಫಸ್ಟು. ಕುರ್ಚಿ ಎರಡೇ ಇರೋದು ಸಾರ್" ಎಂದರು. ನಾನು ನಿಂತೇ ಇದ್ದೆ.

11 ಗಂಟೆ 42 ನಿಮಿಷಕ್ಕೆ ಆವಲಪ್ಪನವರು 254 ಎಂದು ತಿದ್ದಿದರು. ಸಂಪರ್ಕ ಬಂತು. ಎಲ್ಲರೂ ನೋಡಿದೆವು. ಅವರು ಕೀಬೋರ್ಡನ್ನು ನಮ್ಮತ್ತ ಸರಿಸಿ ಕೈಕಟ್ಟಿ ಕುಳಿತರು. ಯಾರೂ ಏನನ್ನೂ ಮುಟ್ಟಲಿಲ್ಲ. 12 ಗಂಟೆ 5 ನಿಮಿಷಕ್ಕೆ ಸಂಪರ್ಕ ಹೋಯಿತು. ವಂಶಿಕೃಷ್ಣ ತೆರೆದು ನೋಡಿದರೆ ಅಲ್ಲಿ 254 ಇಲ್ಲ, 1 ಇದೆ.

"ಕೋಲಾರದ ಫೈಲಲ್ಲಿ ಇನ್ನೂ ಒಂದು ಅಂತಾನೇ ಇದೆ ಸಾರ್," ವಂಶಿಕೃಷ್ಣರ ದನಿ ಇಳಿದಿತ್ತು. "ಇವ್ರು ದಾರಿ ಸರಿಮಾಡ್ತಿದ್ದ ಹಾಗೇ ಅದೇ ದಾರೀಲಿ ಹಳೇದು ಬಂದು ಕೂತ್ಕೊಳ್ತಿದೆ. ಗೇಟ್‌ವೇ ಬದಲಾಗಿದ್ದು ನನಗೆ ಗೊತ್ತೇ ಇರ್ಲಿಲ್ಲ."

"ಇಲ್ಲೇ ಬರೆದು ನೇತುಹಾಕಿದೀನಲ್ಲ ಸಾರ್. ಅದಿರ್ಲಿ, ಇಂಥದ್ದೊಂದು ಬಂದಿದೆ ಅಂತ ನಂಗ್ಯಾರು ಹೇಳಿದ್ರು?"

"ಸರ್ಕ್ಯುಲರ್ ಕಳಿಸಿದೀವಲ್ರೀ," ಎಂದೆ ನಾನು.

"ಎಲ್ಲಿಗ್ ಸಾರ್?"

ಇ-ಮೇಲಿಗೆ. ಕಾಯಂ ಅಲ್ಲದ ನೌಕರರಿಗೆ ಇ-ಮೇಲ್ ಕೊಡಕೂಡದೆಂಬ ನಿಯಮ 2003ರದು. ಅದರ ಕರಡನ್ನು ಬರೆದವನು ನಾನೇ. ವರ್ಷಗಟ್ಟಲೆ ಆ ಸರ್ವರುಗಳನ್ನು ನೋಡಿಕೊಂಡ ವ್ಯಕ್ತಿಗೆ, ಅವು ಇನ್ನು ಮುಂದೆ ಅವರ ಮಾತು ಕೇಳುವುದಿಲ್ಲವೆಂದು ತಿಳಿಸದ ಕಚೇರಿ ನಮ್ಮದು. ಅದೇ ಕಚೇರಿ ಅವರನ್ನು ಸುಳ್ಳುಗಾರರೆಂದಿತು. ಇಂದಿಗೂ ಇದನ್ನು ಬರೆಯುವಾಗ ನನಗೆ ನಂಬಲಾಗುತ್ತಿಲ್ಲ.

ಅಂದೇ ಸಂಜೆ ಕೋಲಾರದ ಫೈಲಿನಲ್ಲಿ ಮುಳಬಾಗಿಲಿಗೆಂದು 254 ಎಂಬ ಪ್ರತ್ಯೇಕ ಸಾಲು ಸೇರಿತು. ಸೇರಿಸಿದವರು ಆವಲಪ್ಪನವರು, ವಂಶಿಕೃಷ್ಣ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು.

ಅಧ್ಯಕ್ಷರು ನೋಟಿಸನ್ನು ಹರಿಯಲು ಎತ್ತಿಕೊಂಡರು. "ತಾಂತ್ರಿಕ ದೋಷ ಅಂತ ಮುಗಿಸೋಣ ಬಿಡಪ್ಪ. ಕಾಯಂ ಆರ್ಡರ್ ಹಾಗೇ ಬರ್ತದೆ."

"ಹರೀಬೇಡಿ ಸಾರ್. ಮಿಷನ್ನು ನೀವು ಹೇಳಿದ್ದನ್ನ ಸರಿಯಾಗೇ ಮಾಡಿದೆ. ಸುಳ್ಳುಗಾರ ಅಂತ ಇದ್ರಲ್ಲೇ ಬರ್ದಿದೀರ. ಅಲ್ಲ ಅಂತಾನೂ ಇದ್ರಲ್ಲೇ ಬರೀರಿ."

ಅಧ್ಯಕ್ಷರು ಕಾಗದವನ್ನು ನನ್ನ ಮುಂದಿಟ್ಟರು. ವರದಿ ಸತ್ಯ, ತಪ್ಪು ಕಚೇರಿಯದು ಎಂದು ಬರೆದು ಸಹಿ ಮಾಡಿದೆ. ಆವಲಪ್ಪನವರು ನಿಧಾನವಾಗಿ ಓದಿದರು.

"ಟೈಮೂ ಹಾಕಿ ಸಾರ್," ಎಂದರು.